ಕಡಿಮೆ ಓಡಿದ ಕಾರು ಅಂತ ಖುಷಿಪಡೋ ಮೊದಲು ಆಯಿಲ್ ಮುಚ್ಚಳ ತೆಗೆದು ನೋಡಿ

ಹಳೇ ಕಾರು ಕೊಳ್ಳೋಕೆ ಹೊರಟವರಿಗೂ, ಮನೆ ಮುಂದೆ ಕಾರು ನಿಲ್ಲಿಸಿ ಅಪರೂಪಕ್ಕೊಮ್ಮೆ ತೆಗೆಯುವವರಿಗೂ ಈ ಮಾತು. ಮೀಟರ್‌ನಲ್ಲಿ ಕಿಲೋಮೀಟರ್ ಕಡಿಮೆ ಇದ್ದ ಮಾತ್ರಕ್ಕೆ ಎಂಜಿನ್ ಚೆನ್ನಾಗಿದೆ ಅಂತ ನಂಬಬೇಡಿ. ನನ್ನ ಕಾರಿನಲ್ಲಿ ಕಿಲೋಮೀಟರ್ ಕಡಿಮೆ ಇದ್ದದ್ದೇ ರೋಗದ ಮೂಲವಾಗಿತ್ತು.

ನಾನು ಕೊಂಡದ್ದು ಆರು ವರ್ಷದ ಪೆಟ್ರೋಲ್ ಕಾರು. ಓಡಿದ್ದು 14,000 ಕಿ.ಮೀ. ಕೂಡ ಇಲ್ಲ. ಮೀಟರ್ ತಿರುಗಿಸಿರಬಹುದಾ ಅಂತ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ? ಪೆಡಲ್ ರಬ್ಬರ್, ಸೀಟು, ಸ್ಟೀರಿಂಗ್, ಸರ್ವಿಸ್ ಬಿಲ್ಲು ಎಲ್ಲ ನೋಡಿಸಿದ್ದಾಯಿತು. ಮೀಟರ್ ನಿಜವನ್ನೇ ಹೇಳುತ್ತಿತ್ತು. ಕಾರು ಮನೆಯಿಂದ ಹತ್ತಿರದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ, ಅಷ್ಟೇ ಓಡಿತ್ತು. "ಆಯಿಲ್ ಹಾಕಿಸಿ ನಾಲ್ಕು ಸಾವಿರ ಕಿಲೋಮೀಟರ್ ಕೂಡ ಆಗಿಲ್ಲ, ಇನ್ನೂ ಆರು ಸಾವಿರ ಆರಾಮಾಗಿ ಓಡಿಸಬಹುದು" ಅಂದರು ಮಾರಿದವರು. ಆ ನಾಲ್ಕು ಸಾವಿರ ಓಡೋಕೆ ಮೂರು ವರ್ಷ ಹಿಡಿದಿತ್ತು ಅನ್ನೋದನ್ನ ಅವರು ಹೇಳಲಿಲ್ಲ. "ನಿಲ್ಲಿಸಿದ್ದರೂ ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡ್ತಿದ್ದೆ" ಅಂತ ಮಾತ್ರ ಹೆಮ್ಮೆಯಿಂದ ಹೇಳಿದರು. ಈ ಐದು ನಿಮಿಷದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಊರೊಳಗೆ ಓಡಿಸುವಾಗ ಏನೂ ಗೊತ್ತಾಗಲಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಮುಂದಿನಿಂದ ಗರಗರ ಸದ್ದು, ಆಮೇಲೆ ಸುಮ್ನಾಗುತ್ತಿತ್ತು. ಮೊದಲ ಸಲ ಹೆದ್ದಾರಿಯಲ್ಲಿ ದೂರ ಹೋದಾಗ ಬಣ್ಣ ಬಯಲಾಯಿತು. ಎಂಜಿನ್ ಚೆನ್ನಾಗಿ ಕಾದಿತ್ತು. ಸಿಗ್ನಲ್‌ನಲ್ಲಿ ನಿಲ್ಲಿಸಿದಾಗ ಆಯಿಲ್ ದೀಪ ಕೆಂಪಗೆ ಮಿಣುಕಿತು. ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ ಆರುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು. ಕೆಂಪು ಆಯಿಲ್ ದೀಪ ಬಂದರೆ ಮುಂದಕ್ಕೆ ಹೋಗುವ ಪ್ರಶ್ನೆಯೇ ಇಲ್ಲ. ಅಲ್ಲೇ ಬದಿಗೆ ಹಾಕಿ ಆಫ್ ಮಾಡಿದೆ. ಆಯಿಲ್ ಕಡಿಮೆಯಾಗಿದೆ ಅಂದುಕೊಂಡು ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದರೆ, ಆಯಿಲ್ ಮೇಲಿನ ಗುರುತನ್ನೂ ದಾಟಿ ನಿಂತಿತ್ತು! ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲ್ ವಾಸನೆ.

ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ತಂದದ್ದಾಯಿತು. ಮೆಕ್ಯಾನಿಕ್ ಮೊದಲು, ಆಯಿಲ್ ಪ್ರೆಶರ್ ಇಳಿದರೆ ಆ ದೀಪ ಹೊತ್ತಿಸುವ ಆಯಿಲ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಪ್ರೆಶರ್ ಗೇಜ್ ಹಾಕಿ ನೋಡಿದರು. ಸ್ವಿಚ್ ಸರಿಯಿತ್ತು, ಪ್ರೆಶರ್ರೇ ಇರಲಿಲ್ಲ. ಆಮೇಲೆ ಕೆಳಗಿನ ಆಯಿಲ್ ಪ್ಯಾನ್ ಬಿಚ್ಚಿದರು. ಅದರೊಳಗೆ ಆಯಿಲ್ ಹೀರಿಕೊಳ್ಳುವ ಪೈಪಿನ ಬಾಯಿಗೆ ಒಂದು ಜಾಲರಿ ಇರುತ್ತದೆ, ಸ್ಟ್ರೈನರ್. ಅದರ ಅರ್ಧಕ್ಕಿಂತ ಜಾಸ್ತಿ ಭಾಗ ಕಣ್ಣಿಗೇ ಕಾಣುತ್ತಿರಲಿಲ್ಲ. ಕಪ್ಪು ಜಿಡ್ಡು ಮೆತ್ತಿಕೊಂಡಿತ್ತು. ಬೆರಳಲ್ಲಿ ತೆಗೆದರೆ ಹರಿಯದೆ ಹಾಗೇ ಅಂಟಿಕೊಂಡಿತು. ಪ್ಯಾನ್‌ನ ಮೂಲೆಯಲ್ಲಿ ಆಯಿಲ್ ಒರೆಸಿದ ಮೇಲೆ ನೀರಿನ ಹನಿಗಳು ಬೇರೆಯೇ ಕಂಡವು. ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳಲ್ಲಿ ಉಗುರಿಗೆ ತಾಗುವಷ್ಟು ಗೀರು. "ಸಾರ್, ಇದು ಓಡಿ ಸವೆದಿದ್ದಲ್ಲ. ನಿಂತು ನಿಂತೇ ಹಾಳಾಗಿರೋದು" ಅಂದರು.

ನಿಂತ ಕಾರಿನ ಆಯಿಲ್ ಯಾಕೆ ಕೆಡಬೇಕು? ಡಬ್ಬಿಯ ಸೀಲ್ ಒಡೆಯದೆ ಇಟ್ಟ ಆಯಿಲ್ ಕೆಲವು ವರ್ಷ ಚೆನ್ನಾಗೇ ಇರುತ್ತದಲ್ಲ? ಹೌದು, ಇರುತ್ತದೆ. ಎಂಜಿನ್ ಒಳಗಿನ ಆಯಿಲ್ ಒಂಟಿಯಾಗಿರುವುದಿಲ್ಲ, ಅಷ್ಟೇ ವ್ಯತ್ಯಾಸ. ಅದಕ್ಕೆ ನೀರು, ಪೆಟ್ರೋಲ್, ಆಮ್ಲ ಮೂರೂ ಸೇರುತ್ತವೆ. ಕಾರು ಆಗಾಗ ದೂರ ಓಡಿದರೆ ಇವುಗಳಲ್ಲಿ ಬಹುಪಾಲು ಹೊರಗೆ ಹೋಗುತ್ತದೆ. ಓಡದಿದ್ದರೆ ಒಳಗೇ ಕೂರುತ್ತದೆ.

ನೀರು ಎಲ್ಲಿಂದ ಬಂತು ಅಂತ ತುಂಬ ಜನ ಕೇಳುತ್ತಾರೆ. ಪೆಟ್ರೋಲಿನಿಂದಲೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಬೆಳಿಗ್ಗೆ ಸೈಲೆನ್ಸರ್ ತುದಿಯಲ್ಲಿ ತೊಟ್ಟಿಕ್ಕುವುದು ಅದೇ. ಸ್ವಲ್ಪ ಭಾಗ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಕೆಳಗೆ ನುಸುಳಿ ಆಯಿಲ್ ಇರುವ ಜಾಗಕ್ಕೆ ಬರುತ್ತದೆ. ಇದು ಹೊಸ ಎಂಜಿನ್‌ನಲ್ಲೂ ಇದ್ದದ್ದೇ. ಎಂಜಿನ್ ಗೋಡೆ ತಣ್ಣಗಿದ್ದರೆ ಬಿಸಿ ಪಾತ್ರೆಯ ಮುಚ್ಚಳಕ್ಕೆ ಬೆವರು ಕಟ್ಟುವ ಹಾಗೆ ಆ ಆವಿ ಅಲ್ಲೇ ಹನಿಗಟ್ಟಿ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ 100 ಡಿಗ್ರಿಯ ಆಸುಪಾಸಿಗೆ ಕಾದು ಅಲ್ಲೇ ಸ್ವಲ್ಪ ಹೊತ್ತು ಇದ್ದರೆ ಈ ನೀರು ಮತ್ತೆ ಆವಿಯಾಗಿ ಬ್ರೀದರ್ ಪೈಪಿನ ಮೂಲಕ ಹೋಗಿಬಿಡುತ್ತದೆ. ಐದು ನಿಮಿಷದ ಓಡಾಟದಲ್ಲಿ ಅಷ್ಟು ಕಾಯುವುದು ಸಾಧ್ಯವಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂತಲ್ಲ ಅನ್ನಬೇಡಿ. ಅದು ಕೂಲೆಂಟ್‌ನ ಬಿಸಿ. ಆಯಿಲ್ ಕಾಯೋದು ಅದಕ್ಕಿಂತ ತುಂಬ ನಿಧಾನ.

ಪೆಟ್ರೋಲಿನ ಕಥೆಯೂ ಹೀಗೇ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗೋಕೆ ಜಾಸ್ತಿ ಪೆಟ್ರೋಲ್ ಬೇಕು. ಪೂರ್ತಿ ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗೆ ಇಳಿಯುತ್ತದೆ. ನೇರವಾಗಿ ಸಿಲಿಂಡರ್ ಒಳಗೇ ಪೆಟ್ರೋಲ್ ಚಿಮ್ಮಿಸುವ ಎಂಜಿನ್‌ಗಳಲ್ಲಿ ಇದು ಇನ್ನೂ ಜಾಸ್ತಿ. ಹಾಗೆ ಆಯಿಲ್ ತೆಳ್ಳಗಾಗುತ್ತದೆ, ಮಟ್ಟ ಮಾತ್ರ ಏರುತ್ತದೆ. ಮಾರಿದವರು "ಈ ಎಂಜಿನ್ ಒಂದು ತೊಟ್ಟು ಆಯಿಲ್ ತಿನ್ನಲ್ಲ" ಅಂದಿದ್ದರು. ತಿಂದದ್ದನ್ನು ಪೆಟ್ರೋಲ್ ತುಂಬಿಸುತ್ತಿತ್ತು! ಅಂಥ ತೆಳು ಆಯಿಲ್ ಹೆದ್ದಾರಿಯಲ್ಲಿ ಚೆನ್ನಾಗಿ ಕಾದಾಗ ಇನ್ನಷ್ಟು ತೆಳ್ಳಗಾಯಿತು. ಅದಕ್ಕೆ ಅರ್ಧ ಮುಚ್ಚಿದ ಸ್ಟ್ರೈನರ್ ಬೇರೆ ಸೇರಿತು. ದೀಪ ಅದಕ್ಕೇ ಬಂದದ್ದು.

ಮೂರನೆಯದು ಆಮ್ಲ. ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್‌ಗಳು ನೀರಿನ ಜೊತೆ ಸೇರಿದರೆ ಆಮ್ಲವಾಗುತ್ತವೆ. ಅದನ್ನು ತಡೆಯೋಕೆ, ಕೊಳೆಯನ್ನು ತೇಲಿಸಿ ಇಡೋಕೆ, ಸವೆತ ತಪ್ಪಿಸೋಕೆ ಆಯಿಲ್‌ನಲ್ಲಿ ಬೇರೆ ಬೇರೆ ರಾಸಾಯನಿಕ ಬೆರೆಸಿರುತ್ತಾರೆ. ಅವು ಕೆಲಸ ಮಾಡುತ್ತಾ ಖರ್ಚಾಗುತ್ತವೆ. ಖರ್ಚಾದ ಮೇಲೆ ಕೊಳೆ ಒಂದಕ್ಕೊಂದು ಅಂಟಿಕೊಂಡು ತಳ ಸೇರುತ್ತದೆ. ಅದೇ ಸ್ಲಡ್ಜ್. ಕಾರು ವಾರಗಟ್ಟಲೆ ನಿಂತಾಗ ಈ ಆಮ್ಲದ ನೀರು ಬೇರಿಂಗ್‌ಗಳನ್ನು ತಿನ್ನುತ್ತಾ ಕೂತಿರುತ್ತದೆ. ಸಿಂಥೆಟಿಕ್ ಆಯಿಲ್ ಹಾಕಿದ್ದೀನಲ್ಲ ಅಂತ ನೆಮ್ಮದಿಯಾಗಿರಬೇಡಿ. ಅದು ಬಿಸಿಗೆ ಬೇಗ ಜಗ್ಗುವುದಿಲ್ಲ ನಿಜ. ಆದರೆ ಪೆಟ್ರೋಲ್, ನೀರು ಬೆರೆಯೋದನ್ನ ಯಾವ ಆಯಿಲ್ ಕೂಡ ತಡೆಯೋದಿಲ್ಲ.

ಈಗ ಆ ದಿನದ ಐದು ನಿಮಿಷ. ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಎಂಜಿನ್‌ಗೆ ಸೇವೆ ಅಲ್ಲ, ಕಾಟ. ಪ್ರತಿ ಸಲವೂ ಸ್ವಲ್ಪ ನೀರು, ಸ್ವಲ್ಪ ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತದೆ. ಎರಡೂ ಹೊರಗೆ ಹೋಗುವಷ್ಟು ಬಿಸಿ ಒಂದು ಸಲವೂ ಆಗುವುದಿಲ್ಲ. ಬ್ಯಾಟರಿಗೆ ಅಂತ ಹಾಗೆ ಮಾಡುವವರಿದ್ದಾರೆ. ಸೆಲ್ಫ್ ಎಳೆದ ಕರೆಂಟ್ ಅಷ್ಟು ಹೊತ್ತಿಗೆ ವಾಪಸ್ ತುಂಬುತ್ತೆ ಅನ್ನೋ ಖಾತ್ರಿಯೂ ಇಲ್ಲ. ಸ್ಟಾರ್ಟ್ ಮಾಡಿದರೆ ಅರ್ಧ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಿ ಬನ್ನಿ. ಅದಕ್ಕೆ ಪುರುಸೊತ್ತಿಲ್ಲ ಅಂದರೆ ಮುಟ್ಟಬೇಡಿ.

ಡೀಸೆಲ್ ಕಾರಿನವರು ಇನ್ನೂ ಹುಷಾರಾಗಿರಬೇಕು. ಹೊಗೆ ಫಿಲ್ಟರ್ ಇರುವ ಹೊಸ ಡೀಸೆಲ್‌ಗಳು ಆ ಫಿಲ್ಟರ್ ಸುಟ್ಟು ಸ್ವಚ್ಛ ಮಾಡಿಕೊಳ್ಳೋಕೆ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಅದು ನಡೆಯುತ್ತಿರುವಾಗ ಮನೆ ಬಂತು ಅಂತ ಆಫ್ ಮಾಡಿದರೆ ಕೆಲಸ ಅರ್ಧಕ್ಕೆ ನಿಂತು, ಮುಂದಿನ ಸಲ ಮತ್ತೆ ಮೊದಲಿನಿಂದ. ಹೀಗೆ ಚಿಮ್ಮಿದ್ದರಲ್ಲಿ ಒಂದಷ್ಟು ಆಯಿಲ್‌ಗೆ ಸೇರುತ್ತದೆ. ಪೆಟ್ರೋಲ್‌ನಷ್ಟು ಸುಲಭವಾಗಿ ಡೀಸೆಲ್ ಆವಿಯಾಗುವುದೂ ಇಲ್ಲ.

ಕಾರಿನ ಜೊತೆ ಬರುವ ಪುಸ್ತಕವನ್ನು ಒಮ್ಮೆ ತೆಗೆದು ನೋಡಿ. ಸಾಮಾನ್ಯವಾಗಿ 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು, ಅಂತ ಬರೆದಿರುತ್ತಾರೆ. ಜನ ಮೊದಲ ಅರ್ಧ ಓದಿ ಪುಸ್ತಕ ಮುಚ್ಚುತ್ತಾರೆ. ಅದರ ಹಿಂದುಮುಂದು ಕಠಿಣ ಬಳಕೆ ಅಂತ ಇನ್ನೊಂದು ಪಟ್ಟಿ ಇರುತ್ತದೆ. ಗುಡ್ಡ, ಧೂಳು, ಭಾರ ಎಳೆಯುವುದು ಇವುಗಳ ಜೊತೆ ಪದೇ ಪದೇ ಸಣ್ಣ ದೂರ ಓಡಿಸುವುದನ್ನೂ ಅದರಲ್ಲಿ ಸೇರಿಸಿರುತ್ತಾರೆ. ಹೂವಿನ ಹಾಗೆ ನೋಡಿಕೊಂಡ ಕಾರು ಅಂತ ನಾವು ಹೇಳುವುದನ್ನು ಕಂಪನಿಯವರು ಕಠಿಣ ಬಳಕೆ ಅನ್ನುತ್ತಾರೆ! ಅಂಥ ಕಾರಿಗೆ ಅವಧಿ ಇನ್ನೂ ಕಡಿಮೆ.

ಹಳೇ ಕಾರು ನೋಡೋಕೆ ಹೋದರೆ, ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಆಯಿಲ್ ತುಂಬುವ ಮುಚ್ಚಳ ತಿರುಗಿಸಿ ತೆಗೆದು ಅದರ ಒಳಭಾಗ ನೋಡಿ. ಕಾಫಿ ಬಣ್ಣದ ಗಟ್ಟಿ ನೊರೆ ಮೆತ್ತಿದ್ದರೆ ನೀರು ಸೇರಿದೆ ಅಂತ ಅರ್ಥ. ಮುಚ್ಚಳ ಒರೆಸಿಡುವ ಜಾಣರೂ ಇದ್ದಾರೆ. ಅದಕ್ಕೇ ಮೊಬೈಲ್ ಟಾರ್ಚ್ ಹಾಕಿ ತೂತಿನೊಳಗೂ ಬಗ್ಗಿ ನೋಡಿ. ಒಳಗಿನ ಲೋಹ ತೆಳು ಕಂದು ಬಣ್ಣಕ್ಕೆ ತಿರುಗಿದ್ದರೆ ತೊಂದರೆಯಿಲ್ಲ, ಕಪ್ಪಗೆ ಹೆಪ್ಪುಗಟ್ಟಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಡಿಪ್‌ಸ್ಟಿಕ್ ಮೂಸಿ ನೋಡೋಕೆ ನಾಚಿಕೆ ಬೇಡ. ಸರ್ವಿಸ್ ಬಿಲ್ಲಿನಲ್ಲಿ ಕಿಲೋಮೀಟರ್ ಬಿಟ್ಟು ತಾರೀಕು ಓದಿ.

ಹಾಗಂತ ಸ್ವಲ್ಪ ನೊರೆ ಕಂಡ ತಕ್ಷಣ ಎಂಜಿನ್ ಹೋಯಿತು ಅಂದುಕೊಳ್ಳಬೇಡಿ. ಚಳಿಯಲ್ಲಿ ಮುಚ್ಚಳದ ಕೆಳಗೆ ಮಾತ್ರ ತೆಳ್ಳಗೆ ಇದ್ದರೆ ಒಂದು ಒಳ್ಳೇ ದೂರದ ಓಟಕ್ಕೆ ಆ ನೊರೆ ಮಾಯವಾಗಿಬಿಡಬಹುದು. ಆದರೆ ಡಿಪ್‌ಸ್ಟಿಕ್‌ನಲ್ಲೂ ಹಾಲು ಬೆರೆತ ಬಣ್ಣ ಇದ್ದು, ಜೊತೆಗೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಕೂಲೆಂಟ್ ಆಯಿಲ್‌ಗೆ ಸೇರದಂತೆ ಎಂಜಿನ್ ತಲೆಯ ಕೆಳಗೆ ಕೂರಿಸಿರುವ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅದು ಬೇರೆಯದೇ ರೋಗ.

ನಮ್ಮ ಕಾರಿಗೆ ಒಬ್ಬರು ಫ್ಲಶ್ (ಎಂಜಿನ್ ಒಳಗಿನ ಕೊಳೆ ಬಿಡಿಸುವ ದ್ರವ) ಹಾಕಿ ಸಾಕು ಅಂದಿದ್ದರು. ಮೆಕ್ಯಾನಿಕ್ ಒಪ್ಪಲಿಲ್ಲ. ಇಷ್ಟು ಸ್ಲಡ್ಜ್ ಇರುವ ಎಂಜಿನ್‌ಗೆ ಫ್ಲಶ್ ಸುರಿದರೆ ಅದು ತುಂಡು ತುಂಡಾಗಿ ಎದ್ದು ಸ್ಟ್ರೈನರ್ ಪೂರ್ತಿ ಮುಚ್ಚಿಬಿಡುತ್ತದೆ. ಪ್ಯಾನ್ ಬಿಚ್ಚಿ ಕೈಯಲ್ಲೇ ತೊಳೆದು, ಬೇರಿಂಗ್ ಬದಲಿಸಿ, ಹೊಸ ಆಯಿಲ್ ಹಾಕಿ, ಸ್ವಲ್ಪ ಓಡಿಸಿ ಮತ್ತೆ ಅದನ್ನೂ ಇಳಿಸಿದರು. ಬೆಳಗಿನ ಗರಗರ ಟೈಮಿಂಗ್ ಚೈನ್‌ದು, ಚೈನ್ ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೂಡ ಬದಲಾಯಿತು.

ನಿಮ್ಮ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕಾಗಿ ಬಂದರೆ, ವಾಪಸ್ ಬಂದ ಮೇಲೆ ಆಯಿಲ್ ಬದಲಿಸೋಣ ಅಂತ ಬಿಡಬೇಡಿ. ನಿಲ್ಲಿಸುವ ಮೊದಲೇ ಆಯಿಲ್, ಫಿಲ್ಟರ್ ಎರಡೂ ಬದಲಿಸಿ, ಚೆನ್ನಾಗಿ ಕಾಯುವಷ್ಟು ಓಡಿಸಿ ತಂದು ನಿಲ್ಲಿಸಿ.