ಸ್ತನ ಕ್ಯಾನ್ಸರ್ ದಾಟಿದವರೇ ನಡೆಸುವ ಬೆಂಬಲ ಬಳಗ: ಒಂದು ವಿಮರ್ಶೆ

ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ನಾನು, ಅಲ್ಲಿನ ರೋಗಿಗಳ ಬೆಂಬಲ ಬಳಗದ ನೆರವನ್ನು ಮೊದಲ ಕೀಮೋದಿಂದ ರೇಡಿಯೇಷನ್ ಮುಗಿಯುವವರೆಗೂ ಪಡೆದಿದ್ದೇನೆ. ಇದೇ ಕಾಯಿಲೆಯ ಚಿಕಿತ್ಸೆ ಮುಗಿಸಿ, ಒಂದಿಷ್ಟು ತರಬೇತಿಯನ್ನೂ ಪಡೆದ ಹೆಂಗಸರು ಹೊಸದಾಗಿ ಬಂದವರೊಡನೆ ಕೀಮೋ ಏರಿಸಿಕೊಂಡು ಅದೇ ದಿನ ಮನೆಗೆ ಹೋಗುವ ಡೇ ಕೇರ್ ವಾರ್ಡಿನಲ್ಲಿ ಕೂತು ಮಾತನಾಡುತ್ತಾರೆ, ಫೋನಿನಲ್ಲಿ ಸಿಗುತ್ತಾರೆ, ತಿಂಗಳಿಗೊಮ್ಮೆ ಸಭೆ ಸೇರುತ್ತಾರೆ; ಇದಕ್ಕೆ ಶುಲ್ಕವೇನೂ ಇಲ್ಲ. ಹೆಸರು ಕೊಟ್ಟವರಿಗೆ ಆದಷ್ಟು ಮಟ್ಟಿಗೆ ಅದೇ ಬಗೆಯ ಚಿಕಿತ್ಸೆ ಪಡೆದ ಒಬ್ಬರನ್ನು ಜೊತೆ ಮಾಡಿಕೊಡುತ್ತಾರೆ. ಆಸ್ಪತ್ರೆಯ ಹೆಸರನ್ನು ನಾನು ಬರೆಯುತ್ತಿಲ್ಲ. ಇಂಥ ಬಳಗಗಳು ಬೇರೆ ಕಡೆಗಳಲ್ಲೂ ಇವೆ. ಅವುಗಳಿಂದ ಏನು ಸಿಗುತ್ತದೆ, ಏನನ್ನು ಕೇಳಿ ಪಡೆಯಬೇಕು ಎಂಬುದೇ ಹೊಸ ರೋಗಿಗಳಿಗೆ ಬೇಕಾದ ವಿಷಯ.

ಈ ಪದ್ಧತಿ ಹೊಸದಲ್ಲ. ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಎಂಬುವರು ಸ್ತನ ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದ ಮೇಲೆ, ಅದೇ ಸ್ಥಿತಿಯಲ್ಲಿದ್ದ ಇತರ ಹೆಂಗಸರನ್ನು ಆಸ್ಪತ್ರೆಗಳಿಗೇ ಹೋಗಿ ಕಂಡು ಧೈರ್ಯ ಹೇಳತೊಡಗಿದ್ದು 1952ರಲ್ಲಿ. 'ರೀಚ್ ಟು ರಿಕವರಿ' ಎಂಬ ಹೆಸರಿನ ಆ ಕೆಲಸವನ್ನು 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ವಹಿಸಿಕೊಂಡಿತು. ಕ್ಯಾನ್ಸರ್ ಎಂಬ ಮಾತನ್ನೇ ಎತ್ತದೆ, ನೆಂಟರ ಮುಂದೆ 'ಒಂದು ಸಣ್ಣ ಗಡ್ಡೆ ತೆಗೆಸಿದೆವು' ಎಂದು ಮುಗಿಸಿಬಿಡುವ ನಮ್ಮ ಮನೆಗಳಲ್ಲಿ ಅಂಥ ಭೇಟಿಯ ಅಗತ್ಯ ಇನ್ನೂ ಹೆಚ್ಚೆಂದು ನನ್ನ ಭಾವನೆ.

ನನಗೆ ಜೊತೆಯಾದವರು ವಯಸ್ಸಿನಲ್ಲಿ ಹಿರಿಯರು. ಅಕ್ಕ ಎಂದೇ ಕರೆಯುತ್ತಿದ್ದೆ. ಅಡ್ಡಪರಿಣಾಮಗಳ ಪಟ್ಟಿಯನ್ನು ಡಾಕ್ಟರು ಅಚ್ಚಾದ ಹಾಳೆಯಲ್ಲಿ ಕೊಟ್ಟಿದ್ದರು. ಆದರೆ ಆ ಪಟ್ಟಿಯಲ್ಲಿ ಯಾವುದನ್ನು ಸಹಿಸಿಕೊಳ್ಳಬಹುದು, ಯಾವುದಕ್ಕೆ ಒಂದು ಗಂಟೆಯೂ ಕಾಯಬಾರದು ಎಂಬ ವಿವೇಚನೆ ನನಗೆ ಬಂದದ್ದು ಅಕ್ಕನ ಮಾತಿನಿಂದ. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿ ಏರಿಸಿದ ಮೇಲೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ, ಅದು ರಕ್ತವಲ್ಲ ಎಂದು ಅವರು ಮೊದಲೇ ತಿಳಿಸಿದ್ದರಿಂದ ಮನೆಯವರೆಲ್ಲರ ಗಾಬರಿ ತಪ್ಪಿತು. ಮೊದಲ ಡೋಸ್ ಆಗಿ ಎರಡು ಮೂರು ವಾರಕ್ಕೆ ಕೂದಲು ಉದುರತೊಡಗುತ್ತದೆಂದೂ, ಜಡೆ ಕೈಗೆ ಬರುವವರೆಗೆ ಕಾಯದೆ ಮೊದಲೇ ಗಿಡ್ಡವಾಗಿ ಕತ್ತರಿಸಿಕೊಂಡರೆ ಮನಸ್ಸಿಗೆ ಕಡಿಮೆ ಹಿಂಸೆಯೆಂದೂ ಹೇಳಿದವರು ಅವರೇ.

ಅವರು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಿದ್ದು ಜ್ವರದ ವಿಷಯ. ಕೀಮೋ ಆದ ಒಂದರಿಂದ ಎರಡು ವಾರದೊಳಗೆ ಬಿಳಿ ರಕ್ತಕಣಗಳು ತೀರಾ ಇಳಿದಿರುವುದರಿಂದ ಸಣ್ಣ ಸೋಂಕೂ ಜೀವಕ್ಕೆ ಎರವಾಗಬಹುದು. ತಮ್ಮ ಕೈಚೀಲದಿಂದ ಥರ್ಮಾಮೀಟರ್ ತೆಗೆದು 100.4 ಡಿಗ್ರಿಯ ಗುರುತನ್ನು ಉಗುರಿನಿಂದ ತೋರಿಸಿ, "ನೋಡಮ್ಮ, ಇಲ್ಲಿಗೆ ಮುಟ್ಟಿತು ಅಂದರೆ ಜ್ವರದ ಮಾತ್ರೆ ನುಂಗಿ ಮಲಗಿಬಿಡಬೇಡ, ಜ್ವರ ಮರೆಯಾಗುತ್ತೆ, ಸೋಂಕು ಹೋಗಲ್ಲ. ಅಪರಾತ್ರಿಯಾದರೂ ಸರಿ, ಆಸ್ಪತ್ರೆಗೆ ಫೋನ್ ಮಾಡು" ಎಂದರು. ಇದನ್ನೇ ನರ್ಸ್ ಕೂಡ ಹೇಳಿದ್ದರು; ಜ್ವರ ಬಂದು ವಾರ್ಡಿಗೆ ಸೇರಿ ಗುಣವಾಗಿ ಬಂದವರ ಬಾಯಿಂದ ಕೇಳಿದಾಗ ಅದು ಮನಸ್ಸಿನಲ್ಲಿ ನಿಂತಿತು.

ಊಟದ ವಿಷಯದಲ್ಲಿ ಅವರ ಸಲಹೆಗಳು ನಮ್ಮ ಅಡುಗೆಮನೆಗೇ ಹೇಳಿಮಾಡಿಸಿದಂತಿದ್ದವು. ಒಗ್ಗರಣೆಯ ವಾಸನೆಗೆ ವಾಕರಿಕೆ ಹೆಚ್ಚುವುದರಿಂದ ಆ ಹೊತ್ತಿನಲ್ಲಿ ಹೊರಗೆ ಕೂರುವುದು, ಬಿಸಿ ಸಾರಿಗಿಂತ ವಾಸನೆ ಕಡಿಮೆಯಿರುವ ತಣ್ಣನೆಯ ಮೊಸರನ್ನವನ್ನೋ ರಾಗಿ ಅಂಬಲಿಯನ್ನೋ ಸ್ವಲ್ಪ ಸ್ವಲ್ಪವೇ ತೆಗೆದುಕೊಳ್ಳುವುದು, ಬಾಯಿಹುಣ್ಣಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಬೆರೆಸಿ ಆಗಾಗ ಮುಕ್ಕಳಿಸುವುದು. ವಾಂತಿ ತಡೆಯುವ ಒಂಡನ್‌ಸೆಟ್ರಾನ್ ಮಾತ್ರೆಯಿಂದ ಮಲಬದ್ಧತೆ ಆಗುತ್ತದೆಂಬುದನ್ನು ಸಂಕೋಚವಿಲ್ಲದೆ ಹೇಳಿ, ಅದಕ್ಕೂ ಔಷಧಿ ಕೇಳಬೇಕೆಂದು ಹೇಳಿಕೊಟ್ಟರು.

ಮುಂದೆ ಪ್ಯಾಕ್ಲಿಟಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿ ಶುರುವಾದಾಗ ಬೆರಳ ತುದಿಗಳು ಜೋಮು ಹಿಡಿದು, ರವಿಕೆಯ ಹುಕ್ಕು ಹಾಕುವುದೂ ಓಲೆಯ ತಿರುಪು ಬಿಗಿಸುವುದೂ ಕಷ್ಟವಾಯಿತು. ಇಷ್ಟಕ್ಕೆಲ್ಲ ಡಾಕ್ಟರಿಗೆ ತೊಂದರೆ ಕೊಡುವುದೇ ಎಂದು ಅನೇಕರು ಸುಮ್ಮನಿರುತ್ತಾರೆ. ನರಗಳ ಈ ತೊಂದರೆ ಹೆಚ್ಚಾದರೆ ಡೋಸ್ ಇಳಿಸಬೇಕಾಗಬಹುದು, ಗಮನಿಸದೆ ಬಿಟ್ಟರೆ ಅದು ಬಹುಕಾಲ ಉಳಿಯಲೂಬಹುದು. ಆದ್ದರಿಂದ 'ಜೋಮು' ಎಂದಷ್ಟೇ ಹೇಳದೆ ಯಾವ ಕೆಲಸ ಮಾಡಲಾಗುತ್ತಿಲ್ಲ ಎಂಬುದನ್ನು ಹೇಳಬೇಕೆಂದು ಅಕ್ಕ ತಿಳಿಸಿದರು. ಹುಕ್ಕಿನ ವಿಷಯ ಹೇಳಿದ ಕೂಡಲೇ ಡಾಕ್ಟರು ಕೈ ನೋಡಿ ವಿವರವಾಗಿ ವಿಚಾರಿಸಿದರು. ಈ ಬಳಗದಿಂದ ನಾನು ಪಡೆದ ದೊಡ್ಡ ಪ್ರಯೋಜನ ಇದೇ: ನನ್ನ ಕಷ್ಟವನ್ನು ಡಾಕ್ಟರಿಗೆ ಕೆಲಸಕ್ಕೆ ಬರುವಂತೆ ಹೇಳಲು ಕಲಿತೆ.

ಬಳಗದವರು ತಮ್ಮ ಮಿತಿಯನ್ನು ಮೀರುವುದಿಲ್ಲ ಎಂಬುದನ್ನೂ ದಾಖಲಿಸಬೇಕು. ಸಭೆಯೊಂದರಲ್ಲಿ ಒಬ್ಬರು ಕೀಮೋ ಜೊತೆಗೆ ಯಾವುದೋ ಎಲೆಯ ಕಷಾಯ ಕುಡಿಯಬಹುದೇ ಎಂದು ಕೇಳಿದಾಗ, ಕೆಲವು ಮೂಲಿಕೆಗಳು ಯಕೃತ್ತಿಗೂ ಕೀಮೋ ಔಷಧಿಗೂ ತೊಡಕಾಗಬಹುದು, ಕಷಾಯದ ಪೊಟ್ಟಣವನ್ನೇ ತಂದು ಡಾಕ್ಟರಿಗೆ ತೋರಿಸಿ ಎಂದರೇ ಹೊರತು ತಾವಾಗಿ ಹೌದು ಅಲ್ಲ ಎನ್ನಲಿಲ್ಲ.

ಕೊರತೆಗಳೂ ಇವೆ. ಸಭೆ ನಡೆಯುವುದು ಕೆಲಸದ ದಿನದ ಬೆಳಿಗ್ಗೆ. ಚಿತ್ರದುರ್ಗದಿಂದಲೋ ಕೋಲಾರದಿಂದಲೋ ಬಸ್ಸಿನಲ್ಲಿ ಬಂದು ಚಿಕಿತ್ಸೆ ಪಡೆಯುವವರಿಗೆ, ದಿನಗೂಲಿ ಬಿಟ್ಟು ಬರಬೇಕಾದವರಿಗೆ ಅದು ಎಟಕುವುದಿಲ್ಲ. ಕೈಗೆ ಕೊಡುವ ಕಿರುಪುಸ್ತಕ ಇಂಗ್ಲಿಷಿನಲ್ಲಿದೆ. ರಾತ್ರಿಯೆಲ್ಲ ಪಕ್ಕದಲ್ಲಿ ಎಚ್ಚರವಿರುವ ಗಂಡನಿಗೋ ಮಗಳಿಗೋ ಮಾತನಾಡಲು ಅಲ್ಲಿ ಯಾರೂ ಇಲ್ಲ.

ನನ್ನನ್ನು ಹೆಚ್ಚು ನೋಯಿಸಿದ್ದು ಇನ್ನೊಂದು. ಕಾಯಿಲೆ ಮೂಳೆಗೋ ಶ್ವಾಸಕೋಶಕ್ಕೋ ಹರಡಿ, ಚಿಕಿತ್ಸೆಗೆ ಕೊನೆಯೆಂಬುದೇ ಇಲ್ಲದ ಹೆಂಗಸರೂ ಅದೇ ಸಭೆಗೆ ಬರುತ್ತಾರೆ. ಚಿಕಿತ್ಸೆ ಮುಗಿಸಿದವರು ಗಂಟೆ ಬಾರಿಸಿ, ಎಲ್ಲರೂ ಚಪ್ಪಾಳೆ ತಟ್ಟುವಾಗ ಅವರು ಮುಖ ತಗ್ಗಿಸಿ ಕೂತಿರುತ್ತಾರೆ. ಅವರಿಗೆ ಅವರಂಥವರನ್ನೇ ಜೊತೆ ಮಾಡಿಕೊಡುವ, ಬೇರೆಯಾಗಿ ಸೇರಿಸುವ ವ್ಯವಸ್ಥೆ ಆಗಲೇಬೇಕು. ರೇಡಿಯೇಷನ್ ಮುಗಿದವರಿಗೂ ಬಳಗದಿಂದ ಫೋನ್ ಬರುವುದು ನಿಲ್ಲುತ್ತದೆ. ಆದರೆ ಹಾರ್ಮೋನಿನಿಂದ ಬೆಳೆಯುವ ಬಗೆಯ ಕ್ಯಾನ್ಸರ್ ಇದ್ದವರು ಅದು ಮರುಕಳಿಸದಂತೆ ಟ್ಯಾಮಾಕ್ಸಿಫೆನ್‌ನಂಥ ಮಾತ್ರೆಗಳನ್ನು ಐದು ವರ್ಷ, ಕೆಲವರು ಹತ್ತು ವರ್ಷ ನುಂಗಬೇಕು. ಮೈಯೆಲ್ಲ ಬಿಸಿಯೇರಿ ಬೆವರುವುದು, ಲೆಟ್ರೊಜೋಲ್ ಎಂಬ ಇನ್ನೊಂದು ಹಾರ್ಮೋನ್ ಚಿಕಿತ್ಸೆಯ ಮಾತ್ರೆ ನುಂಗುವವರಿಗೆ ಕೀಲುನೋವು, ಶಸ್ತ್ರಚಿಕಿತ್ಸೆಯಾದ ಕಡೆಯ ತೋಳು ಬಾತುಕೊಳ್ಳುವುದು, ಇವೆಲ್ಲ ಕಾಡುವುದು ಆ ವರ್ಷಗಳಲ್ಲಿ. ತೊಂದರೆ ತಾಳಲಾರದೆ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಡುವವರೂ ಇದ್ದಾರೆ.

ಇಷ್ಟಾದರೂ ಈ ಸೇವೆಯನ್ನು ಪಡೆಯಿರಿ ಎಂದೇ ನಾನು ಹೇಳುತ್ತೇನೆ. ತಾನಾಗಿ ಯಾರಾದರೂ ಬಂದು ಕೇಳುತ್ತಾರೆಂದು ಕಾಯದೆ, ಡೇ ಕೇರ್ ನರ್ಸ್ ಅಥವಾ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯ ಬಳಿ ಮೊದಲ ಕೀಮೋಗೆ ಮುಂಚೆಯೇ ಹೆಸರು ಬರೆಸಿ. ಕನ್ನಡದಲ್ಲಿ ಮಾತನಾಡುವವರೇ ಬೇಕು, ನನ್ನದೇ ಔಷಧಿ ಪಡೆದವರು ಬೇಕು ಎಂದು ಸ್ಪಷ್ಟವಾಗಿ ಕೇಳಿ. ಜೊತೆಯಾದವರೊಡನೆ ಮಾತು ಹೊಂದದಿದ್ದರೆ ಬೇರೊಬ್ಬರನ್ನು ಕೇಳಲು ಅವಕಾಶವಿದೆ. ಅದಕ್ಕೆ ಅಲ್ಲಿ ಯಾರೂ ಬೇಸರಿಸುವುದಿಲ್ಲ.