ಲಿನಕ್ಸ್ ಮಿಂಟ್: ಆರು ವರ್ಷಗಳ ಬಳಕೆಯ ನಂತರ, ನುಡಿ ಕಡತಗಳ ಸಮೇತ

ವಿಂಡೋಸ್ 7ಕ್ಕೆ ಭದ್ರತಾ ಅಪ್‌ಡೇಟ್‌ಗಳು 2020ರ ಜನವರಿ 14ರಂದು ನಿಂತವು. ಆಗ ನನ್ನ ಮೇಜಿನ ಮೇಲಿದ್ದದ್ದು 4 ಜಿಬಿ ರ‍್ಯಾಮ್‌ನ ಹಳೆಯ ಡೆಸ್ಕ್‌ಟಾಪ್. ಅದರೊಳಗೆ ಹದಿನೇಳು ವರ್ಷಗಳಲ್ಲಿ ಮಾಡಿದ ಅನುವಾದ, ಕರಡು ತಿದ್ದುಪಡಿ ಮತ್ತು ಪತ್ರವ್ಯವಹಾರದ ಸುಮಾರು ಒಂಬತ್ತು ಸಾವಿರ ಕಡತಗಳಿದ್ದವು. ಹೊಸ ಯಂತ್ರ ಕೊಳ್ಳುವ ಬದಲು ಅದಕ್ಕೊಂದು ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿಸಿ, ವಿಂಡೋಸ್‌ಗೆ ಬದಲಿಯಾದ ಉಚಿತ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಮಿಂಟ್ 19.3ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಸ್ಥಾಪಿಸಿಕೊಂಡೆ. ಹಳೆಯ ಹಾರ್ಡ್ ಡಿಸ್ಕನ್ನು ಅಳಿಸದೆ, ಬಿಚ್ಚಿ ಕಪಾಟಿನಲ್ಲಿಟ್ಟೆ. ಈ ಆರು ವರ್ಷಗಳಲ್ಲಿ ನಾನು ತೆಗೆದುಕೊಂಡ ತೀರ್ಮಾನಗಳಲ್ಲಿ ಅತ್ಯಂತ ಬುದ್ಧಿವಂತಿಕೆಯದು ಅದೇ ಎಂದು ಈಗಲೂ ಅನ್ನಿಸುತ್ತದೆ.

ವ್ಯವಸ್ಥೆಯ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ, ಮತ್ತು ಅದೇ ಅದರ ಗುಣ. ಮಿಂಟ್ ಉಬುಂಟು ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆಯ ದೀರ್ಘಾವಧಿ ಆವೃತ್ತಿಗಳ ಮೇಲೆ ನಿಂತಿರುವುದರಿಂದ ಒಂದೊಂದು ಆವೃತ್ತಿಗೂ ಐದು ವರ್ಷ ಬೆಂಬಲವಿರುತ್ತದೆ. ನಾನು 19.3ರಿಂದ 21ಕ್ಕೆ ಹೊಸದಾಗಿ ಸ್ಥಾಪಿಸಿಕೊಂಡೆ, 21.3ರಿಂದ 22ಕ್ಕೆ ಅದರದೇ ಅಪ್‌ಗ್ರೇಡ್ ಸಲಕರಣೆಯಿಂದ ಒಂದು ಮಧ್ಯಾಹ್ನದಲ್ಲಿ ದಾಟಿಕೊಂಡೆ. ಎರಡೂ ಸಲ ಮೊದಲು ಟೈಮ್‌ಶಿಫ್ಟ್ ಎಂಬ ಸಲಕರಣೆಯಲ್ಲಿ ವ್ಯವಸ್ಥೆಯ ಒಂದು ಪ್ರತಿಯನ್ನು ತೆಗೆದಿಟ್ಟಿದ್ದೆ, ಅದನ್ನು ಬಳಸುವ ಪ್ರಸಂಗ ಬರಲಿಲ್ಲ. ಥಂಡರ್‌ಬರ್ಡ್‌ನ ಪ್ರೊಫೈಲ್ ಫೋಲ್ಡರನ್ನು ನಕಲು ಮಾಡಿದ್ದರಿಂದ ಹಳೆಯ ಮಿಂಚಂಚೆಗಳೆಲ್ಲ ಇದ್ದ ಹಾಗೆಯೇ ಬಂದವು.

ತೊಂದರೆ ಶುರುವಾದದ್ದು ಕಡತಗಳ ಹೆಸರಿನಿಂದ. ಕೆಲಸದ ಹೆಸರನ್ನೇ ಕಡತಕ್ಕೂ ಇಡುವುದು ನನ್ನ ಹಳೆಯ ಚಾಳಿ. ‘ಗ್ರಾಮಪಂಚಾಯಿತಿ ಸದಸ್ಯರ ತರಬೇತಿ ಕೈಪಿಡಿಯ ಎರಡನೇ ಅಧ್ಯಾಯದ ಪರಿಷ್ಕೃತ ಕರಡು ಸಂಪಾದಕರ ಸೂಚನೆಗಳ ಸಹಿತ ಅಂತಿಮ ಪ್ರತಿ’ ಎಂಬಂಥ ಹೆಸರುಗಳು ಡಿಸ್ಕಿನಲ್ಲಿ ಕಡತಗಳನ್ನಿಡುವ ವಿಂಡೋಸ್‌ನ ಪದ್ಧತಿಯಾದ ಎನ್‌ಟಿಎಫ್‌ಎಸ್‌ನಲ್ಲಿ ಸಲೀಸಾಗಿ ಕೂರುತ್ತವೆ, ಏಕೆಂದರೆ ಅಲ್ಲಿನ ಮಿತಿ 255 ಸಂಕೇತಗಳು (ಮೂಲ ಅಕ್ಷರ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಒಂದೊಂದೂ ಒಂದು ಸಂಕೇತ) ಮತ್ತು ಈ ಹೆಸರು ‘.docx’ ಎಂಬ ಬಾಲವೂ ಸೇರಿ 101 ಸಂಕೇತಗಳಷ್ಟೇ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಅಂಥದೇ ಪದ್ಧತಿ ಇಎಕ್ಸ್‌ಟಿ4ರ ಮಿತಿಯೂ 255, ಆದರೆ ಅದು ಬೈಟ್‌ಗಳ ಲೆಕ್ಕ. ಅಲ್ಲಿ ಹೆಸರುಗಳನ್ನು ಬರೆದಿಡುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಆರು ಸಂಕೇತಗಳಾಗಿ 18 ಬೈಟ್ ನುಂಗುತ್ತದೆ. ಮೇಲಿನ ಹೆಸರಿನಲ್ಲಿ 84 ಕನ್ನಡ ಸಂಕೇತಗಳಿಗೆ 252, ಹನ್ನೆರಡು ಖಾಲಿ ಜಾಗಗಳಿಗೆ 12, ಬಾಲಕ್ಕೆ 5, ಒಟ್ಟು 269. ಹದಿನಾಲ್ಕು ಬೈಟ್ ಹೆಚ್ಚಾದ ತಪ್ಪಿಗೆ ಕಡತ ಹೊಸಿಲ ಹೊರಗೇ ಉಳಿಯಿತು.

ನಕಲು ಮಾಡುವಾಗ ಯಂತ್ರ ಇದನ್ನು ಹೇಳದೆ ಇರಲಿಲ್ಲ. ಹೆಸರು ತುಂಬ ಉದ್ದವಾಗಿದೆ ಎಂಬ ಪೆಟ್ಟಿಗೆ ತೆರೆದುಕೊಂಡಾಗ, ರಾತ್ರಿ ಹನ್ನೊಂದರ ಆತುರದಲ್ಲಿ ಇಂಥವನ್ನೆಲ್ಲ ಬಿಟ್ಟು ಮುಂದುವರಿಯುವ ಗುಂಡಿಯನ್ನು ಒತ್ತಿದವನು ನಾನೇ. ಮೂರು ತಿಂಗಳ ನಂತರ ಒಂದು ಕೈಪಿಡಿಯ ಅಂತಿಮ ಪ್ರತಿಯನ್ನು ಕೇಳಿ ಫೋನ್ ಬಂದಾಗಲೇ ಹದಿನೇಳು ಕಡತಗಳು ಈ ಕಡೆಗೆ ಬಂದೇ ಇಲ್ಲವೆಂದು ತಿಳಿದದ್ದು. ಅವುಗಳಲ್ಲಿ ಹೆಚ್ಚಿನವು ಅಂತಿಮ ಪ್ರತಿಗಳು. ಅಂತಿಮವಾದಷ್ಟೂ ಹೆಸರು ಉದ್ದವಾಗಿರುತ್ತದಲ್ಲ! ಕಪಾಟಿನ ಡಿಸ್ಕ್ ಕಾಪಾಡಿತು. ಅಂದಿನಿಂದ ದೊಡ್ಡ ನಕಲನ್ನು ಆರ್‌ಸಿಂಕ್ ಎಂಬ ಆಜ್ಞೆಯಿಂದಲೇ ಮಾಡುತ್ತೇನೆ, ಏಕೆಂದರೆ ಅದು ವಿಫಲವಾದ ಕಡತಗಳ ಹೆಸರನ್ನು ಪರದೆಯ ಮೇಲೆ ಉಳಿಸುತ್ತದೆ. ಆಮೇಲೆ ಎರಡೂ ಕಡೆಯ ಕಡತಗಳ ಸಂಖ್ಯೆಯನ್ನು ತಾಳೆ ನೋಡುತ್ತೇನೆ. ಇನ್ನೊಂದು ಸಣ್ಣ ಅಡ್ಡಿಯೂ ಬಂತು: ಎಫ್‌ಎಟಿ32 ಮಾದರಿಯ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಕಡತವನ್ನು ಹಿಡಿಯುವುದಿಲ್ಲವಾದ್ದರಿಂದ, ತಂಗಿಯ ಮದುವೆಯ ವಿಡಿಯೋಗಾಗಿ ಅದನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸಬೇಕಾಯಿತು.

ಆದರೆ ನಿಜವಾದ ವಲಸೆ ಕಡತಗಳದ್ದಲ್ಲ, ಅವುಗಳೊಳಗಿನ ಕನ್ನಡದ್ದು. ನನ್ನ ಕಡತಗಳಲ್ಲಿ ಮುಕ್ಕಾಲು ಪಾಲು, ಯುನಿಕೋಡ್ (ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆ) ಪೂರ್ವದ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದವು. ಆ ಕಾಲದ ಅಕ್ಷರಶೈಲಿಗಳಲ್ಲಿ ಕಡತದೊಳಗೆ ಇರುವುದು ಕನ್ನಡವಲ್ಲ. ಲ್ಯಾಟಿನ್ ಲಿಪಿಯ ಸಂಕೇತಗಳಿಗೆ ಕನ್ನಡದ ವೇಷ ತೊಡಿಸಿರುತ್ತಾರೆ. ವೇಷ ಕಳಚಿದರೆ ‘ಕನ್ನಡ’ ಎಂಬ ಪದ ಒಂದು ಪಿ, ತಲೆಯ ಮೇಲೆ ಗೀಟೆಳೆದ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ ಇತ್ಯಾದಿಗಳ ಸಾಲಾಗಿ ಕಾಣುತ್ತದೆ. ನುಡಿಯ ಫಾಂಟ್‌ಗಳನ್ನು ಮಿಂಟ್‌ನ ಫಾಂಟ್ ಫೋಲ್ಡರಿಗೆ ಹಾಕಿದ ಕೂಡಲೇ ಬರವಣಿಗೆಯ ತಂತ್ರಾಂಶ ಲಿಬ್ರೆಆಫೀಸ್ ಎಲ್ಲವನ್ನೂ ಅಚ್ಚುಕಟ್ಟಾಗಿ ತೋರಿಸಿತು, ನಾನು ಆರು ತಿಂಗಳು ನೆಮ್ಮದಿಯಿಂದಿದ್ದೆ. ಹೊಸದಾಗಿ ಯುನಿಕೋಡ್‌ನಲ್ಲಿ ಬರೆಯತೊಡಗಿ, ಹಳೆಯ ಅನುವಾದವೊಂದರಲ್ಲಿ ಬಳಸಿದ ಪಾರಿಭಾಷಿಕ ಪದವನ್ನು ಹುಡುಕಲು ಹೋದಾಗ ಒಂದೇ ಒಂದು ಫಲಿತಾಂಶವೂ ಬರಲಿಲ್ಲ. ಕಣ್ಣೆದುರಿಗೇ ಇರುವ ಪದ ಯಂತ್ರಕ್ಕೆ ಕಾಣುತ್ತಿರಲಿಲ್ಲ.

ನುಡಿಯ ಪಠ್ಯವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ, ಉಚಿತವಾಗಿಯೂ ಸಿಗುತ್ತವೆ, ಮತ್ತು ಬಹುಪಾಲು ಸರಿಯಾಗಿಯೇ ಕೆಲಸ ಮಾಡುತ್ತವೆ. ಕಷ್ಟವಿರುವುದು ಉಳಿದ ಭಾಗದಲ್ಲಿ. ಹಳೆಯ ವಿಧಾನದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು ಬರಬೇಕು. ಆದ್ದರಿಂದ ಪರಿವರ್ತಕ ಬರೀ ಅಕ್ಷರ ಬದಲಿಸಿದರೆ ಸಾಲದು, ಕ್ರಮವನ್ನೂ ತಿರುಗಿಸಬೇಕು. ನುಡಿಯ ನಡುವೆ ಇಂಗ್ಲಿಷ್ ಪದಗಳಿದ್ದರೆ, ಬರಿಯ ಪಠ್ಯವನ್ನಷ್ಟೇ ನೋಡುವ ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳ ಕಲಸುಮೇಲೋಗರ ಮಾಡಿಬಿಡುತ್ತದೆ. ಲಿಬ್ರೆಆಫೀಸ್ ಲ್ಯಾಟಿನ್ ಪಠ್ಯಕ್ಕೆ ಒಂದು, ಭಾರತೀಯ ಲಿಪಿಗಳಿಗೆ ಇನ್ನೊಂದು ಎಂದು ಫಾಂಟನ್ನೂ ಗಾತ್ರವನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದರಿಂದ, ಪರಿವರ್ತನೆಯಾದ ಶೀರ್ಷಿಕೆಗಳು ಒಮ್ಮೆಲೇ ಕುಗ್ಗಿ ಸಾಧಾರಣ ಸಾಲುಗಳಂತಾದವು. ಶೈಲಿಗಳಲ್ಲಿ ಎರಡನೆಯ ಕಾಲಂ ತಿದ್ದಬೇಕೆಂದು ತಿಳಿಯುವುದರೊಳಗೆ ಅರವತ್ತು ಪುಟಗಳನ್ನು ಕೈಯಲ್ಲಿ ಸರಿಪಡಿಸಿದ್ದೆ. ಇನ್ನು ‘ಸಾಫ್ಟ್‌ವೇರ್’ ಎಂಬಂಥ ಪದದಲ್ಲಿ ಒತ್ತಕ್ಷರವಾಗದಂತೆ ತಡೆಯಲು ಕಾಣದ ಸಂಕೇತವೊಂದು ನಡುವೆ ಕೂತಿರುತ್ತದೆ, ಅದಿಲ್ಲದೆ ಹುಡುಕಿದರೆ ಸಿಗದೆ ಹೋಗಬಹುದು. ಹೀಗೆ ಬೇಕಾದ ಕಡತಗಳನ್ನಷ್ಟೇ ಆರಿಸಿ ಪರಿವರ್ತಿಸಿ ಓದಿ ಮುಗಿಸಲು ಎರಡು ವರ್ಷ ಹಿಡಿಯಿತು.

ಟೈಪಿಂಗ್ ವಿಷಯದಲ್ಲಿ ಹೆದರಿದ್ದಷ್ಟು ಕಷ್ಟವಾಗಲಿಲ್ಲ. ಲಿನಕ್ಸ್‌ನಲ್ಲಿ ಬೇರೆ ಭಾಷೆಗಳನ್ನು ಟೈಪ್ ಮಾಡಿಸುವ ಐಬಸ್‌ನಲ್ಲಿ, ಕೀಲಿವಿನ್ಯಾಸಗಳ ಸಂಗ್ರಹವಾದ ಎಂ17ಎನ್ ಹಾಕಿಕೊಂಡರೆ ‘ಕೆಜಿಪಿ’ ಎಂಬ ವಿನ್ಯಾಸ ಸಿಗುತ್ತದೆ, ಅದು ಕನ್ನಡ ಕೀಲಿಮಣೆಯನ್ನು ರೂಪಿಸಿದ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿಯಲ್ಲಿ ನಮ್ಮ ಬೆರಳುಗಳಿಗೆ ರೂಢಿಯಾದ ಅದೇ ಕ್ರಮ. ಒತ್ತಕ್ಷರಕ್ಕೆ ಎಫ್ ಕೀಲಿಯನ್ನು ಒತ್ತುವ ಅಭ್ಯಾಸ ಬಿಡಬೇಕಾಗಲಿಲ್ಲ. ಫಾಂಟ್‌ಗಳಲ್ಲಿ ಗುಬ್ಬಿ, ನವಿಲು, ಲೋಹಿತ್, ನೋಟೋ ಇವೆ. ನಾನು ಕರಡು ಓದಲು ನೋಟೋ ಸೆರಿಫನ್ನೇ ಬಳಸುತ್ತೇನೆ. ದೀರ್ಘದ ಕೊಂಬು ಅದರಲ್ಲಿ ಕಣ್ತಪ್ಪಿ ಹೋಗುವುದಿಲ್ಲ.

ಆಗದ ಕೆಲಸಗಳೂ ಇವೆ. ಇನ್‌ಡಿಸೈನ್ ಲಿನಕ್ಸ್‌ಗೆ ಇಲ್ಲ, ಆದ್ದರಿಂದ ಪುಟವಿನ್ಯಾಸದ ಕೆಲಸವನ್ನು ಒಪ್ಪಿಕೊಳ್ಳುವುದನ್ನೇ ನಿಲ್ಲಿಸಿದೆ. ಹಳೆಯ ಲೇಸರ್ ಪ್ರಿಂಟರ್ ಒಂದು ವಾರ ಸತಾಯಿಸಿ ಕೊನೆಗೂ ಮಣಿಯಲಿಲ್ಲ. ಅದನ್ನು ಕೊಟ್ಟು ಬೇರೆಯದನ್ನು ತಂದೆ. ಡಿಜಿಟಲ್ ಸಹಿಯ ಡಾಂಗಲ್ ಬೇಕಾದಾಗ ಇಂದಿಗೂ ತಂಗಿಯ ಲ್ಯಾಪ್‌ಟಾಪ್ ಕೇಳುತ್ತೇನೆ. ನಿಮ್ಮ ಹೊಟ್ಟೆಪಾಡು ಈ ಮೊದಲನೆಯ ಅಥವಾ ಕೊನೆಯ ಕೆಲಸದಿಂದ ನಡೆಯುತ್ತಿದ್ದರೆ ಮಿಂಟ್ ನಿಮಗಲ್ಲ. ಬರೆಯುವ, ಓದುವ, ತಿದ್ದುವ ಕೆಲಸವಾದರೆ ನನಗಿದರಲ್ಲಿ ಕೊರತೆಯೆನಿಸಿಲ್ಲ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲವೂ ಮುಗಿದ ಮೇಲೆ ಗೆಳೆಯರೊಬ್ಬರು ತಮ್ಮ ಲ್ಯಾಪ್‌ಟಾಪನ್ನು ನನ್ನ ಬಳಿ ತಂದರು. ಅದರಲ್ಲಿ ಯಂತ್ರವನ್ನು ಪೂರ್ತಿ ಆಫ್ ಮಾಡದೆ ಅರೆನಿದ್ರೆಯಲ್ಲಿಡುವ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದುದರಿಂದ, ಮಿಂಟ್‌ನಿಂದ ನೋಡಿದಾಗ ಡಿಸ್ಕನ್ನು ಓದಬಹುದಿತ್ತೇ ಹೊರತು ಬರೆಯುವಂತಿರಲಿಲ್ಲ. ಶಿಫ್ಟ್ ಕೀಲಿ ಹಿಡಿದು ಪೂರ್ತಿಯಾಗಿ ಆಫ್ ಮಾಡಿದ ಮೇಲೆ ಸರಿಹೋಯಿತು. ನಕಲು ಶುರು ಮಾಡುವ ಮೊದಲೇ 255 ಬೈಟ್ ಮೀರಿದ ಹೆಸರುಗಳನ್ನು ಪಟ್ಟಿ ಮಾಡಿಸಿದೆ. ಮೂವತ್ತೊಂದು ಸಿಕ್ಕವು. ಒಂದೊಂದಕ್ಕೂ ಚಿಕ್ಕ ಹೆಸರು ಹುಡುಕುತ್ತ ಅವರು ಸಂಜೆಯವರೆಗೆ ಕೂತಿದ್ದರು. ‘ಅಂತಿಮ’ ಎಂಬ ಪದವನ್ನು ಮಾತ್ರ ಎಲ್ಲಿಯೂ ಬಿಟ್ಟುಕೊಡಲಿಲ್ಲ.