ಜ್ಯಾಕ್ ಡನ್ ಅವರ ಜಾಡು ಹಿಡಿದು: ಬೇಸ್‌ಬಾಲ್ ರೆಫರೆನ್ಸ್ ಎಂಬ ಸೇವೆಯ ಬಗ್ಗೆ

ಹಳೆಯ ಕಾಲದ ಬೇಸ್‌ಬಾಲ್ ಆಟಗಾರರ ವೃತ್ತಿಜೀವನವನ್ನು ಅಭ್ಯಾಸ ಮಾಡುವವರಿಗೆ ಬೇಸ್‌ಬಾಲ್ ರೆಫರೆನ್ಸ್ ಅಂಕಿಅಂಶ ತಾಣದಷ್ಟು ಒದಗಿಬರುವ ಉಚಿತ ಸೇವೆಯನ್ನು ನಾನು ಬೇರೆ ಕಂಡಿಲ್ಲ. ಅದರ ಯೋಗ್ಯತೆ ತಿಳಿಯಬೇಕಾದರೆ ಜಗತ್ಪ್ರಸಿದ್ಧ ಬೇಬ್ ರೂತ್ ಅವರ ಪುಟಕ್ಕಿಂತ, ಅವರನ್ನು 1914ರಲ್ಲಿ ವೃತ್ತಿಪರ ಆಟಕ್ಕೆ ಕರೆತಂದ ಜ್ಯಾಕ್ ಡನ್ ಅವರ ಪುಟವನ್ನು ನೋಡಬೇಕು.

ಡನ್ 1897ರಲ್ಲಿ ಬ್ರೂಕ್ಲಿನ್ ತಂಡಕ್ಕೆ ಪಿಚರ್ (ಚೆಂಡೆಸೆಯುವ ಆಟಗಾರ) ಆಗಿ ಬಂದು, 1899ರಲ್ಲಿ 23 ಪಂದ್ಯ ಗೆದ್ದುಕೊಟ್ಟವರು. 1901ರಲ್ಲಿ ಬಾಲ್ಟಿಮೋರ್‌ಗೆ ಬಂದ ಮೇಲೆ ಅವರು ಹೆಚ್ಚಾಗಿ ಮೂರನೆಯ ಬೇಸ್ ಕಾಯುವ ಇನ್‌ಫೀಲ್ಡರ್ ಆದರು. 1902ರಿಂದ 1904ರವರೆಗೆ ನ್ಯೂಯಾರ್ಕ್ ಜಯಂಟ್ಸ್‌ನಲ್ಲಿ ಬೇಕಾದ ಕಡೆಯಲ್ಲೆಲ್ಲ ನಿಂತು ಆಡಿದರು. ಯಾವ ವರ್ಷ, ಯಾವ ಸ್ಥಾನದಲ್ಲಿ, ಎಷ್ಟು ಪಂದ್ಯ ಎಂಬುದನ್ನು ಫೀಲ್ಡಿಂಗ್ ಪಟ್ಟಿ ಬಿಡಿಬಿಡಿಯಾಗಿ ತೋರಿಸುವುದರಿಂದ ಈ ಸ್ಥಿತ್ಯಂತರ ಕಣ್ಣಿಗೆ ಕಟ್ಟುತ್ತದೆ.

ಮೈನರ್ ಲೀಗ್ ಎಂಬ ಕೆಳಹಂತದ ಲೀಗುಗಳ ಪುಟಗಳು ಇನ್ನೂ ಶ್ರೀಮಂತವಾಗಿವೆ. 1907ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್‌ನ ಮ್ಯಾನೇಜರ್ ಆಗಿ ಬಂದ ಡನ್, ಮುಂದೆ ತಂಡದ ಒಡೆಯರೂ ಆಗಿ, 1919ರಿಂದ 1925ರವರೆಗೆ ಸತತವಾಗಿ ಏಳು ಬಾರಿ ಇಂಟರ್‌ನ್ಯಾಷನಲ್ ಲೀಗ್ ಗೆದ್ದರು. 1921ರಲ್ಲಿ ತಂಡದ ಗೆಲುವುಗಳ ಸಂಖ್ಯೆ 119. ಆದರೆ ಈ ಅಂಕಿಗಳು ಕಾರಣವನ್ನು ಹೇಳುವುದಿಲ್ಲ. 1914ರಲ್ಲಿ ಫೆಡರಲ್ ಲೀಗ್ ಎಂಬ ಪ್ರತಿಸ್ಪರ್ಧಿ ಲೀಗಿನ ತಂಡವೊಂದು ಓರಿಯೋಲ್ಸ್ ಮೈದಾನದ ಎದುರಿಗೆ, ರಸ್ತೆಯ ಆಚೆ ಬದಿಯಲ್ಲೇ ಆಡತೊಡಗಿದ್ದರಿಂದ ಪ್ರೇಕ್ಷಕರು ಕೈತಪ್ಪಿದರು. ತಂಡವನ್ನು ಉಳಿಸಿಕೊಳ್ಳಲು ಡನ್ ಅದೇ ಜುಲೈನಲ್ಲಿ ರೂತ್ ಅವರನ್ನು ಬಾಸ್ಟನ್‌ಗೆ ಮಾರಬೇಕಾಯಿತು. ಮಹಾಯುದ್ಧದ ನಂತರ ಮಾತ್ರ, ಮೇಲ್ದರ್ಜೆಯ ಮೇಜರ್ ಲೀಗ್ ತಂಡಗಳು ಅಗ್ಗದ ಬೆಲೆಗೆ ಆಟಗಾರರನ್ನು ಎತ್ತಿಕೊಳ್ಳುತ್ತಿದ್ದ ಪದ್ಧತಿಯಿಂದ ಇಂಟರ್‌ನ್ಯಾಷನಲ್ ಲೀಗ್ ಕೆಲಕಾಲ ಹೊರಗುಳಿದದ್ದರಿಂದ, ಲೆಫ್ಟಿ ಗ್ರೋವ್‌ ಅವರಂಥ ಪಿಚರ್ ಅನ್ನು ಡನ್ ಐದು ಋತುಗಳ ಕಾಲ ಉಳಿಸಿಕೊಂಡು, ಆಮೇಲೆ ಫಿಲಡೆಲ್ಫಿಯಾಕ್ಕೆ 1,00,600 ಡಾಲರ್‌ಗೆ ಮಾರಲು ಸಾಧ್ಯವಾಯಿತು. ನನ್ನ ದೃಷ್ಟಿಯಲ್ಲಿ ಆ ಏಳು ಗೆಲುವುಗಳ ಬೇರು ಇರುವುದು ಇಲ್ಲಿ, ಮತ್ತು ಇದು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ.

ಆದ್ದರಿಂದ ಈ ತಾಣವನ್ನು ಅಮೆರಿಕದ ಬೇಸ್‌ಬಾಲ್ ಸಂಶೋಧನಾ ಸಂಘವು ಉಚಿತವಾಗಿ ಒದಗಿಸುವ ಜೀವನಚರಿತ್ರೆಗಳ ಜೊತೆಗಿಟ್ಟು ಓದುವುದು ಒಳ್ಳೆಯದು. ಹಲವು ಋತುಗಳನ್ನು ಒಟ್ಟಿಗೆ ಶೋಧಿಸುವ ಸೌಲಭ್ಯಕ್ಕೆ ಚಂದಾ ಕಟ್ಟಬೇಕು, ಆದರೆ ಒಬ್ಬರ ವೃತ್ತಿಜೀವನವನ್ನು ತಿಳಿಯಲು ಅದರ ಅಗತ್ಯವಿಲ್ಲ. ಅಗಲವಾದ ಪಟ್ಟಿಗಳಾದ್ದರಿಂದ ಮೊಬೈಲಿಗಿಂತ ಕಂಪ್ಯೂಟರಿನಲ್ಲಿ ತೆರೆಯುವುದು ಅನುಕೂಲ.